ಮುಖ ನೋಡಿ ಹೇಳುವವರು

ಠಾಣೆಯ ಮೇಜಿನ ಮುಂದೆ ಇಬ್ಬರು ಯುವಕರು ಪಕ್ಕಪಕ್ಕದಲ್ಲಿ ಕೂತು ಕಾಗದದ ಮೇಲೆ ಏನೋ ಬರೆಯುತ್ತಿದ್ದಾರೆ. ಮುಖ್ಯಾಧಿಕಾರಿ ತನ್ನ ಕೈಕೆಳಗಿನ ಪತ್ತೇದಾರನಿಗೆ ದೂರದಿಂದಲೇ ಅವರನ್ನು ತೋರಿಸುತ್ತಾನೆ. ಒಬ್ಬ ಅತ್ಯಾಚಾರದ ಆರೋಪಿ. ಇನ್ನೊಬ್ಬ ಆ ಹುಡುಗಿಯ ಅಣ್ಣ, ಅವನೇ ಆರೋಪಿಯನ್ನು ಹಿಡಿದು ಠಾಣೆಗೆ ಎಳೆದು ತಂದವನು. ಮುಖ ನೋಡಿದರೆ ಸಾಕು, ಅಪರಾಧಿ ಯಾರೆಂದು ಗೊತ್ತಾಗುತ್ತದೆ ಎಂದು ಕೊಚ್ಚಿಕೊಳ್ಳುತ್ತೀಯಲ್ಲ, ಇವರಲ್ಲಿ ಅತ್ಯಾಚಾರಿ ಯಾರು ಹೇಳು ನೋಡೋಣ ಎನ್ನುತ್ತಾನೆ. ಪತ್ತೇದಾರ ದಿಟ್ಟಿಸಿ ನೋಡುತ್ತಾನೆ. ಅವನ ಜೊತೆ ನಾವೂ ನೋಡುತ್ತೇವೆ. ಒಬ್ಬನ ದವಡೆ, ಇನ್ನೊಬ್ಬನ ಹುಬ್ಬು, ಪೆನ್ನು ಹಿಡಿದ ರೀತಿ ಎಲ್ಲವನ್ನೂ ಅಳೆಯುತ್ತೇವೆ. ಮನಸ್ಸು ಆಗಲೇ ಒಬ್ಬನನ್ನು ಆರಿಸಿಬಿಟ್ಟಿರುತ್ತದೆ. ಉತ್ತರ ಸಿಗುವ ಮೊದಲೇ ದೃಶ್ಯ ಮುಗಿದುಹೋಗುತ್ತದೆ. ಚಿತ್ರ ಮುಗಿದರೂ ಆ ಉತ್ತರ ಬರುವುದಿಲ್ಲ.

ಬಾಂಗ್ ಜೂನ್-ಹೋ ನಿರ್ದೇಶಿಸಿದ ದಕ್ಷಿಣ ಕೊರಿಯಾದ ಚಿತ್ರ ‘ಮೆಮೊರೀಸ್ ಆಫ್ ಮರ್ಡರ್’ ಬಗ್ಗೆ ಬರೆಯಬೇಕೆಂದು ಬಹಳ ಕಾಲದಿಂದ ಅಂದುಕೊಂಡಿದ್ದೆ. ಪ್ರತಿ ಸಲವೂ ಈ ದೃಶ್ಯಕ್ಕೆ ಬಂದು ನಿಲ್ಲುತ್ತಿದ್ದೆ. ಕಥೆಯನ್ನು ಇದು ಒಂದು ಹೆಜ್ಜೆಯೂ ಮುಂದಕ್ಕೆ ಒಯ್ಯುವುದಿಲ್ಲ. ಕತ್ತರಿಸಿ ತೆಗೆದರೂ ಯಾರಿಗೂ ತಿಳಿಯದು. ಆದರೂ ಇಡೀ ಚಿತ್ರ ನಿಂತಿರುವುದು ಇದರ ಮೇಲೆಯೇ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಚಿತ್ರ ಬಂದು ಹದಿನಾರು ವರ್ಷಗಳಾದ ಮೇಲೆ ಹೊರಬಿದ್ದ ಸತ್ಯ ಆ ಅನ್ನಿಸಿಕೆಯನ್ನು ಇನ್ನಷ್ಟು ಗಟ್ಟಿ ಮಾಡಿತು.

ಚಿತ್ರಕ್ಕೆ ಆಧಾರವಾದ ನಿಜ ಘಟನೆಗಳು ನಡೆದದ್ದು ಸಿಯೋಲ್ ನಗರದ ದಕ್ಷಿಣಕ್ಕಿರುವ ಗ್ಯೊಂಗಿ ಪ್ರಾಂತ್ಯದ ಹ್ವಾಸೊಂಗ್ ಎಂಬಲ್ಲಿ. ಆಗ ಅದು ಗದ್ದೆಗಳ ನಡುವಿನ ಹಳ್ಳಿಗಳ ಸೀಮೆ. 1986ರ ಸೆಪ್ಟೆಂಬರ್‌ನಿಂದ 1991ರ ಏಪ್ರಿಲ್‌ವರೆಗೆ ಅಲ್ಲಿ ಹತ್ತು ಮಂದಿ ಹೆಣ್ಣುಮಕ್ಕಳ ಕೊಲೆಯಾಯಿತು. ಅತ್ಯಂತ ಕಿರಿಯವಳಿಗೆ 13 ವರ್ಷ, ಹಿರಿಯಾಕೆಗೆ 71. ಹಲವರನ್ನು ಅವರದೇ ಬಟ್ಟೆಗಳಿಂದ ಕಟ್ಟಿಹಾಕಿ ಕತ್ತು ಹಿಸುಕಲಾಗಿತ್ತು. ತನಿಖೆಗೆ ದುಡಿದ ಪೊಲೀಸರ ದಿನಗಳನ್ನು ಕೂಡಿಸಿದರೆ ಇಪ್ಪತ್ತು ಲಕ್ಷ ದಾಟುತ್ತದೆ. ವಿಚಾರಣೆಗೆ ಒಳಗಾದವರು 21,000ಕ್ಕೂ ಹೆಚ್ಚು ಜನ. ಅಷ್ಟಾಗಿಯೂ ಕೊಲೆಗಾರ ಸಿಕ್ಕಲಿಲ್ಲ. ಕಿಮ್ ಕ್ವಾಂಗ್-ರಿಮ್ ಅವರು ಇದನ್ನೇ ಆಧರಿಸಿ ಬರೆದ ನಾಟಕ 1996ರಲ್ಲಿ ರಂಗಕ್ಕೆ ಬಂತು. ಆ ನಾಟಕವನ್ನೂ ತನಿಖೆಯ ದಾಖಲೆಗಳನ್ನೂ ಇಟ್ಟುಕೊಂಡು ಬಾಂಗ್ ಮಾಡಿದ ಚಿತ್ರ 2003ರಲ್ಲಿ ತೆರೆಕಂಡಿತು. ಕೊರಿಯಾದಲ್ಲಿ 50 ಲಕ್ಷಕ್ಕೂ ಹೆಚ್ಚು ಜನ ಅದನ್ನು ನೋಡಿದರು. ಆಗ ಅಲ್ಲಿನ ಕಾನೂನಿನಲ್ಲಿ ಕೊಲೆ ಮೊಕದ್ದಮೆಗೆ ಹದಿನೈದು ವರ್ಷಗಳ ಕಾಲಮಿತಿಯಿತ್ತು. ಮೊದಮೊದಲಿನ ಕೊಲೆಗಳ ಗಡುವು ಆಗಲೇ ದಾಟಿತ್ತು. ಕೊನೆಯ ಕೊಲೆಯ ಗಡುವು ಮುಗಿಯುವುದಕ್ಕೆ ಮೂರು ವರ್ಷ ಮಾತ್ರ ಉಳಿದಿತ್ತು.

ಬಗೆಹರಿಯದ ಅಪರಾಧದ ಮೇಲೆ ಚಿತ್ರ ಮಾಡುವವರ ಮುಂದೆ ಎರಡು ದಾರಿಗಳಿರುತ್ತವೆ. ಒಂದು, ಪೊಲೀಸರಿಗೆ ಸಿಗದ ಉತ್ತರವನ್ನು ತಾವೇ ಊಹಿಸಿ ಕೊಡುವುದು. ಇನ್ನೊಂದು, ಉತ್ತರ ಸಿಗದೇ ಹೋದದ್ದನ್ನೇ ಕಥೆಯಾಗಿಸುವುದು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ 1960ರ ದಶಕದ ಕೊನೆಯಲ್ಲಿ ನಡೆದ ಕೊಲೆಗಳನ್ನು ಕುರಿತು ಡೇವಿಡ್ ಫಿಂಚರ್ 2007ರಲ್ಲಿ ಮಾಡಿದ ‘ಜೋಡಿಯಾಕ್’ ಬಹುಪಾಲು ಎರಡನೆಯ ದಾರಿಯಲ್ಲೇ ನಡೆಯುತ್ತದೆ. ಆದರೂ ಕೊನೆಕೊನೆಗೆ ಒಬ್ಬ ವ್ಯಕ್ತಿಯ ಕಡೆಗೆ ವಾಲಿಬಿಡುತ್ತದೆ. ಅದು ಬಹಳ ದೊಡ್ಡ ಚಿತ್ರ, ನನಗೆ ಅಚ್ಚುಮೆಚ್ಚಿನದು. ಆ ವಾಲುವಿಕೆ ಮಾತ್ರ ನನಗೆ ಒಪ್ಪಿಗೆಯಾಗಿಲ್ಲ. ಬಾಂಗ್ ಯಾರ ಕಡೆಗೂ ವಾಲುವುದಿಲ್ಲ. ಅದಕ್ಕಿಂತ ಕಠಿಣವಾದದ್ದನ್ನು ಮಾಡುತ್ತಾರೆ: ವಾಲಬೇಕೆಂಬ ಆಸೆಯನ್ನು ನಮ್ಮಲ್ಲಿ ಹುಟ್ಟಿಸಿ, ಅದು ಎಲ್ಲಿಗೆ ಒಯ್ಯುತ್ತದೆ ಎಂದು ತೋರಿಸುತ್ತಾರೆ.

ಸಾಂಗ್ ಕಾಂಗ್-ಹೋ ಅಭಿನಯಿಸಿದ ಪಾರ್ಕ್ ಡೂ-ಮನ್ ಹಳ್ಳಿಯ ಪತ್ತೇದಾರ. ತನ್ನ ಕಣ್ಣಿಗೆ ದೇವರು ಮೈಮೇಲೆ ಬಂದವರ ಶಕ್ತಿಯಿದೆ ಎಂದೇ ನಂಬಿದವನು. ಅವನ ಸಹೋದ್ಯೋಗಿ ಚೋ ಯೋಂಗ್-ಗೂ ಮಾತಿಗಿಂತ ಮೊದಲು ಕಾಲು ಬೀಸುವವನು. ಶಂಕಿತನನ್ನು ಒದೆಯುವ ಮೊದಲು ಅವನು ತನ್ನ ಬೂಟಿಗೆ ಬಟ್ಟೆಯ ಗವಸು ಹಾಕಿಕೊಳ್ಳುತ್ತಾನೆ. ಈ ಚಿತ್ರದಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ ವಸ್ತು ಆ ಗವಸು. ಅದು ಸಿಟ್ಟಿನ ಭರದಲ್ಲಿ ಬಿದ್ದ ಒದೆತವಾಗಿದ್ದರೆ ಬೂಟಿಗೆ ಹೊದಿಕೆ ಹೊಲಿಸುವಷ್ಟು ವ್ಯವಧಾನ ಎಲ್ಲಿರುತ್ತಿತ್ತು? ಯಾರೋ ಅಳತೆ ಕೊಟ್ಟಿದ್ದಾರೆ, ಯಾರೋ ಹೊಲಿದಿದ್ದಾರೆ, ದಿನವೂ ಕೆಲಸಕ್ಕೆ ಬರುವಾಗ ಅದನ್ನು ಜೊತೆಗಿಟ್ಟುಕೊಂಡಿದ್ದಾನೆ. ಗಾಯದ ಗುರುತು ಉಳಿಯಬಾರದು ಎನ್ನುವ ಎಚ್ಚರ ಅಲ್ಲಿನ ದಿನಚರಿಯ ಭಾಗವಾಗಿಬಿಟ್ಟಿದೆ. ಇದನ್ನು ವಿವರಿಸುವ ಒಂದು ಸಂಭಾಷಣೆಯೂ ಚಿತ್ರದಲ್ಲಿಲ್ಲ. ಗವಸು ಏರುತ್ತದೆ, ಒದೆತ ಬೀಳುತ್ತದೆ.

ಅವರ ಕೈಗೆ ಮೊದಲು ಸಿಕ್ಕುವವನು ಬೇಕ್ ಕ್ವಾಂಗ್-ಹೋ. ಮುಖದ ಮೇಲೆ ಸುಟ್ಟ ಕಲೆಯಿರುವ, ಬುದ್ಧಿ ಬೆಳವಣಿಗೆ ಕಡಿಮೆಯಿರುವ ಹುಡುಗ. ಅವನ ಬೂಟನ್ನು ತೆಗೆದುಕೊಂಡು ಹೋಗಿ ಪಾರ್ಕ್ ತಾನೇ ಕೊಲೆ ನಡೆದ ಜಾಗದ ಮಣ್ಣಿನಲ್ಲಿ ಹೆಜ್ಜೆಗುರುತು ಒತ್ತುತ್ತಾನೆ. ರಾತ್ರಿ ಕಾಡಿಗೆ ಕರೆದೊಯ್ದು ಗುಂಡಿ ತೋಡಿಸಿ, ಧ್ವನಿಮುದ್ರಕದ ಮುಂದೆ ಮಾತಾಡಿಸುತ್ತಾರೆ. ಹುಡುಗ ಕೊಲೆಯ ವಿವರಗಳನ್ನು ಹೇಳಿಯೂ ಬಿಡುತ್ತಾನೆ. ಅವನು ಹೇಳುತ್ತಿರುವುದು ತಾನು ಮಾಡಿದ್ದನ್ನಲ್ಲ, ಕಂಡದ್ದನ್ನು ಎಂಬುದು ಪತ್ತೇದಾರರಿಗೆ ಹೊಳೆಯುವಷ್ಟರಲ್ಲಿ ಕಾಲ ಮಿಂಚಿರುತ್ತದೆ. ಇಡೀ ಊರಿನಲ್ಲಿ ಕೊಲೆಗಾರನನ್ನು ಕಣ್ಣಾರೆ ಕಂಡಿದ್ದವನು ಅವನೊಬ್ಬನೇ. ಅವನನ್ನು ಹೊಡೆದು ಬಡಿದು ಪೊಲೀಸರನ್ನು ಕಂಡರೆ ಓಡುವ ಹಾಗೆ ಮಾಡಿಟ್ಟವರೂ ಇವರೇ. ಕೊನೆಗೆ ಆ ಓಟದಲ್ಲೇ ಅವನು ರೈಲಿಗೆ ಸಿಕ್ಕಿ ಸಾಯುತ್ತಾನೆ.

ಇದೆಲ್ಲ ನಡೆಯುವ ಕಾಲವನ್ನು ನೆನಪಿಡಬೇಕು. ಚುನ್ ಡೂ-ಹ್ವಾನ್‌ನ ಸೇನಾ ಆಡಳಿತದ ಕೊನೆಯ ವರ್ಷಗಳು ಅವು. 1987ರ ಜನವರಿಯಲ್ಲಿ ಸಿಯೋಲ್‌ನಲ್ಲಿ ವಿದ್ಯಾರ್ಥಿಯೊಬ್ಬ ಪೊಲೀಸರ ಚಿತ್ರಹಿಂಸೆಯಿಂದ ಸತ್ತ. ಅದೇ ವರ್ಷದ ಜೂನ್‌ನಲ್ಲಿ ಲಕ್ಷಾಂತರ ಜನ ಬೀದಿಗಿಳಿದರು. ಚಿತ್ರದಲ್ಲಿ ಇಂದು ರಾತ್ರಿ ಕೊಲೆ ನಡೆಯಬಹುದು ಎಂದು ಗೊತ್ತಾದಾಗ ಠಾಣೆಯವರು ಹೆಚ್ಚುವರಿ ಪಡೆ ಕಳಿಸಿ ಎಂದು ಬೇಡುತ್ತಾರೆ. ಎಲ್ಲರೂ ಪ್ರತಿಭಟನೆ ಹತ್ತಿಕ್ಕಲು ಹೋಗಿದ್ದಾರೆ ಎಂಬ ಉತ್ತರ ಬರುತ್ತದೆ. ಇನ್ನೊಂದು ರಾತ್ರಿ ಯುದ್ಧದ ಸಿದ್ಧತೆಯ ಕವಾಯತು. ಸೈರನ್ ಮೊಳಗುತ್ತದೆ, ಊರಿನ ದೀಪಗಳು ಒಂದೊಂದಾಗಿ ಆರುತ್ತವೆ, ಅಂಗಡಿಗಳ ಬಾಗಿಲು ಕೆಳಗೆ ಜಾರುತ್ತದೆ. ಜನರನ್ನು ಕಾಪಾಡುವ ಹೆಸರಿನಲ್ಲಿ ಸರ್ಕಾರವೇ ಹರಡಿದ ಆ ಕತ್ತಲೆಯಲ್ಲಿ ಶಾಲಾ ಹುಡುಗಿಯೊಬ್ಬಳು ಸಾಯುತ್ತಾಳೆ. ಬಾಂಗ್ ಯೊನ್ಸೇ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಓದಿದವರು. ಆ ಓದು ಈ ಚಿತ್ರದಲ್ಲಿ ಭಾಷಣವಾಗಿ ಕೇಳುವುದಿಲ್ಲ, ದೀಪಗಳು ಆರುವ ಕ್ರಮದಲ್ಲಿ ಕಾಣುತ್ತದೆ.

ಪಾರ್ಕ್‌ಗೆ ಎದುರಾಗಿ ಸಿಯೋಲ್‌ನಿಂದ ಬಂದ ಪತ್ತೇದಾರ ಸಿಯೋ ಟೇ-ಯೂನ್. ದಾಖಲೆಗಳು ಸುಳ್ಳು ಹೇಳುವುದಿಲ್ಲ ಎನ್ನುವುದು ಅವನ ಮಂತ್ರ. ಮುಖ ನೋಡಿ ತೀರ್ಪು ಕೊಡುವವರ ನಡುವೆ ಕಡತ ಓದುವವನೊಬ್ಬ ಸಿಕ್ಕಿದನಲ್ಲ ಎಂದು ನಮಗೂ ಸಮಾಧಾನವಾಗುತ್ತದೆ. ಬೇಕ್‌ನ ಬೆರಳುಗಳಿಂದ ಅಂಥ ಗಂಟು ಹಾಕಲು ಸಾಧ್ಯವೇ ಇಲ್ಲ ಎಂದು ತೋರಿಸಿಕೊಡುವವನು ಅವನೇ. ಚಿತ್ರದ ಮೊದಲರ್ಧದಲ್ಲಿ ನಾವು ಸಂಪೂರ್ಣವಾಗಿ ಅವನ ಪಕ್ಷ.

ಅವನು ಮುರಿದುಬೀಳುವುದಕ್ಕೆ ಕಾರಣ ಒಂದು ಚಿಕ್ಕ ಪಟ್ಟಿ. ವಿಚಾರಣೆಗೆಂದು ಶಾಲೆಗೆ ಹೋದಾಗ ಅವನು ಒಬ್ಬ ಹುಡುಗಿಯ ಬೆನ್ನಿನ ಗಾಯಕ್ಕೆ ಅಂಟುಪಟ್ಟಿ ಹಚ್ಚಿರುತ್ತಾನೆ. ಮನೆಯ ಹಿರಿಯರು ಮಾಡುವಂಥ ಸಣ್ಣ ಕೆಲಸ, ನೋಡುವವರು ಅಲ್ಲಿಯೇ ಮರೆತುಬಿಡುತ್ತಾರೆ. ಮುಂದೆ ಮಳೆಯಲ್ಲಿ, ಪೈನ್ ಮರಗಳ ನಡುವೆ ಹೆಣವೊಂದು ಸಿಗುತ್ತದೆ. ಅದರ ಬೆನ್ನ ಮೇಲೆ ಆ ಪಟ್ಟಿ ಇನ್ನೂ ಅಂಟಿಕೊಂಡೇ ಇದೆ. ಸಿಯೋ ಒಂದು ಮಾತೂ ಆಡುವುದಿಲ್ಲ. ಆ ಕ್ಷಣದವರೆಗೂ ಸತ್ತವರು ಅವನಿಗೆ ಕಡತದೊಳಗಿನ ಹೆಸರುಗಳು. ಈಗ ಅವನ ಬೆರಳು ತಾಗಿದ ಚರ್ಮ ಅಲ್ಲಿ ಮಲಗಿದೆ. ಅಲ್ಲಿಂದ ಅವನು ನೇರವಾಗಿ ಶಂಕಿತನ ಮನೆಗೆ ಹೋಗುತ್ತಾನೆ.

ಶಂಕಿತ ಪಾರ್ಕ್ ಹ್ಯೊನ್-ಗ್ಯು, ಕಾರ್ಖಾನೆಯಲ್ಲಿ ಕೆಲಸ ಮಾಡುವ ಯುವಕ. ಕೊಲೆ ನಡೆದ ಮಳೆಯ ರಾತ್ರಿಗಳಲ್ಲಿ ರೇಡಿಯೋದಲ್ಲಿ ಒಂದೇ ಹಾಡನ್ನು ಕೋರುತ್ತಿದ್ದವನು ಅವನು. ಕೊಲೆಗಾರನ ಕೈಯಿಂದ ಬದುಕುಳಿದ ಹೆಂಗಸೊಬ್ಬಳು ನೆನಪಿಸಿಕೊಂಡಂತೆ ಅವನ ಕೈಗಳು ಮೃದು. ಮುಖ ತಣ್ಣಗಿದೆ, ಉತ್ತರಗಳು ಚುಟುಕು. ಸಾಂದರ್ಭಿಕ ಸಾಕ್ಷ್ಯವೆಲ್ಲ ಅವನತ್ತಲೇ ಬೊಟ್ಟು ಮಾಡುತ್ತದೆ. ಉಳಿದಿರುವುದು ಡಿಎನ್‌ಎ ವರದಿ ಮಾತ್ರ. ದೇಶದಲ್ಲಿ ಆ ತಂತ್ರಜ್ಞಾನ ಇಲ್ಲದ್ದರಿಂದ ಚಿತ್ರದಲ್ಲಿ ಮಾದರಿ ಅಮೆರಿಕಕ್ಕೆ ಹೋಗುತ್ತದೆ. ನಿಜವಾದ ತನಿಖೆಯಲ್ಲಿ ಅದು ಹೋದದ್ದು ಜಪಾನಿಗೆ. ಸುರಂಗದ ಬಾಯಿಯಲ್ಲಿ, ಸುರಿಯುವ ಮಳೆಯಲ್ಲಿ ಲಕೋಟೆ ಒಡೆದು ನೋಡಿದರೆ ಮಾದರಿ ಹೊಂದಿಲ್ಲ. ದಾಖಲೆಗಳು ಸುಳ್ಳು ಹೇಳುವುದಿಲ್ಲ ಎನ್ನುತ್ತಿದ್ದ ಅದೇ ಸಿಯೋ, ಈ ಕಾಗದ ಸುಳ್ಳು, ನನಗೆ ಇದು ಬೇಡ ಎಂದು ಪಿಸ್ತೂಲು ಎತ್ತುತ್ತಾನೆ.

ಮೊದಲ ಸಲ ನೋಡಿದಾಗ ನಾನು ಅವನು ಗುಂಡು ಹಾರಿಸಲಿ ಎಂದು ಬಯಸಿದ್ದೆ. ಈ ಚಿತ್ರ ನೋಡಿದ ಬಹಳಷ್ಟು ಜನ ಅದನ್ನೇ ಬಯಸಿರುತ್ತಾರೆ, ನಿರ್ದೇಶಕರು ನಮ್ಮನ್ನು ಅಲ್ಲಿಗೆ ತಂದು ನಿಲ್ಲಿಸಿದ ಜಾಣ್ಮೆ ಅಂಥದ್ದು. ಎರಡು ಗಂಟೆ ಕಾಲ ಚಿತ್ರಹಿಂಸೆಯನ್ನು ಅಸಹ್ಯದಿಂದ ನೋಡಿದವರು ಕೊನೆಯ ಹತ್ತು ನಿಮಿಷದಲ್ಲಿ ವಿಚಾರಣೆಯೇ ಬೇಡ, ಕೊಂದುಬಿಡು ಎನ್ನುವ ಸ್ಥಿತಿಗೆ ಬಂದಿರುತ್ತಾರೆ. ಅವನ ಕೈ ಹಿಡಿದು ತಡೆಯುವವನು ಹಳ್ಳಿಯ ಪಾರ್ಕ್. ಅವನು ಶಂಕಿತನ ಕತ್ತು ಹಿಡಿದು ಮುಖವನ್ನು ತನ್ನತ್ತ ತಿರುಗಿಸಿ ಆ ಪ್ರಸಿದ್ಧ ಕಣ್ಣುಗಳಿಂದ ನೋಡುತ್ತಾನೆ. ಬಹಳ ಹೊತ್ತು ನೋಡುತ್ತಾನೆ. ನನಗೆ ಗೊತ್ತಾಗುತ್ತಿಲ್ಲ ಎನ್ನುತ್ತಾನೆ. ಆಮೇಲೆ ಕೇಳುವ ಪ್ರಶ್ನೆ ಕೊರಿಯಾದಲ್ಲಿ ಮನೆಮಾತಾಗಿದೆ: ಹೊತ್ತು ಹೊತ್ತಿಗೆ ಊಟ ಮಾಡುತ್ತಿದ್ದೀಯಾ? ಆ ಮಾತು ಚಿತ್ರಕಥೆಯಲ್ಲಿರಲಿಲ್ಲ, ಸಾಂಗ್ ಕಾಂಗ್-ಹೋ ಅಲ್ಲಿಯೇ ತಾವಾಗಿ ಸೇರಿಸಿದ್ದು. ಇಂಥ ಕೆಲಸ ಮಾಡಿಯೂ ನಿನ್ನ ಗಂಟಲಲ್ಲಿ ಅನ್ನ ಇಳಿಯುತ್ತದೆಯೇ ಎಂಬ ಅಸಹ್ಯವೂ ಅದರಲ್ಲಿದೆ, ಒಬ್ಬ ಮನುಷ್ಯ ಇನ್ನೊಬ್ಬನನ್ನು ಕೇಳುವ ಅತಿ ಸಾಧಾರಣವಾದ ಕಾಳಜಿಯೂ ಇದೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ನಟನೆ ಅಪರೂಪ.

ಮುಂದಿನ ದೃಶ್ಯ 2003ರದು. ಪಾರ್ಕ್ ಪೊಲೀಸ್ ಕೆಲಸ ಬಿಟ್ಟು ಹಣ್ಣಿನ ರಸ ತೆಗೆಯುವ ಯಂತ್ರಗಳನ್ನು ಮಾರುತ್ತಿದ್ದಾನೆ. ದಾರಿಯಲ್ಲಿ ಆ ಹಳೆಯ ಗದ್ದೆಯ ಬಳಿ ಇಳಿದು, ಮೊದಲ ಹೆಣ ಸಿಕ್ಕ ಚರಂಡಿಯೊಳಗೆ ಬಗ್ಗಿ ನೋಡುತ್ತಾನೆ. ಅಲ್ಲಿಗೆ ಬಂದ ಒಬ್ಬ ಚಿಕ್ಕ ಹುಡುಗಿ, ಕೆಲವು ದಿನಗಳ ಹಿಂದೆ ಇನ್ನೊಬ್ಬನೂ ಹೀಗೇ ಬಗ್ಗಿ ನೋಡುತ್ತಿದ್ದ ಎನ್ನುತ್ತಾಳೆ. ಬಹಳ ಹಿಂದೆ ಇಲ್ಲಿ ತಾನು ಮಾಡಿದ್ದೊಂದು ನೆನಪಾಯಿತು, ಅದಕ್ಕೆ ಬಂದೆ ಎಂದನಂತೆ. ಅವನ ಮುಖ ಹೇಗಿತ್ತು? ಹುಡುಗಿಗೆ ಹೇಳಲು ಏನೂ ಇಲ್ಲ. ಮಾಮೂಲಿ ಮುಖ, ಎಲ್ಲರ ಹಾಗೆ. ಪಾರ್ಕ್ ತಿರುಗಿ ನೇರವಾಗಿ ಕ್ಯಾಮೆರಾವನ್ನು ನೋಡುತ್ತಾನೆ. ಕೊಲೆಗಾರ ಖಂಡಿತ ಈ ಚಿತ್ರ ನೋಡಲು ಬರುತ್ತಾನೆ, ಆಗ ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು ಎಂಬ ಉದ್ದೇಶದಿಂದ ಆ ನೋಟವನ್ನು ಇಟ್ಟದ್ದಾಗಿ ಬಾಂಗ್ ಹೇಳಿದ್ದಾರೆ.

ಆದರೆ 2003ರ ಆ ದಿನಗಳಲ್ಲಿ ಕೊಲೆಗಾರ ಯಾವ ಚಿತ್ರಮಂದಿರದಲ್ಲೂ ಇರಲಿಲ್ಲ. ಅವನು ಬುಸಾನ್ ಜೈಲಿನಲ್ಲಿದ್ದ. ಲೀ ಚುನ್-ಜೇ, ಹ್ವಾಸೊಂಗ್‌ನವನೇ, 1986ರ ಆರಂಭದಲ್ಲಿ ಸೇನಾ ಸೇವೆ ಮುಗಿಸಿ ಊರಿಗೆ ಮರಳಿದವನು. 1994ರಲ್ಲಿ ಹೆಂಡತಿಯ ತಂಗಿಯನ್ನು ಅತ್ಯಾಚಾರ ಮಾಡಿ ಕೊಂದದ್ದಕ್ಕೆ ಜೀವಾವಧಿ ಶಿಕ್ಷೆ ಅನುಭವಿಸುತ್ತಿದ್ದ. ಜೈಲಿನಲ್ಲಿ ಅವನಿಗೆ ಸನ್ನಡತೆಯ ಕೈದಿ ಎಂಬ ಹೆಸರು. 2019ರ ಸೆಪ್ಟೆಂಬರ್‌ನಲ್ಲಿ ಪೊಲೀಸರು ಜೋಪಾನವಾಗಿಟ್ಟಿದ್ದ ಹಳೆಯ ಸಾಕ್ಷ್ಯವಸ್ತುಗಳಲ್ಲಿನ ಡಿಎನ್‌ಎ ಅವನದಕ್ಕೆ ಹೊಂದಿತು ಎಂದು ಘೋಷಿಸಿದರು. ಮೊದಲು ಅಲ್ಲಗಳೆದು, ಆಮೇಲೆ ಅವನು ಒಟ್ಟು 14 ಕೊಲೆಗಳನ್ನು ಒಪ್ಪಿಕೊಂಡ. ಆ ಹತ್ತೂ ಅವನವೇ, ಮೇಲೆ ಇನ್ನೂ ನಾಲ್ಕು. ಕೊಲೆಗಳು ನಡೆಯುತ್ತಿದ್ದ ಕಾಲದಲ್ಲಿ ಪೊಲೀಸರು ಅವನನ್ನೂ ವಿಚಾರಿಸಿದ್ದರು. ಕೊಲೆಗಾರನ ರಕ್ತದ ಗುಂಪು ಬಿ ಎಂದು ಅವರು ನಂಬಿದ್ದರು, ಅವನದು ಓ. ಬಿಟ್ಟುಬಿಟ್ಟರು. ಕೊನೆಯ ಕೊಲೆಯ ಕಾಲಮಿತಿ 2006ರಲ್ಲೇ ಮುಗಿದಿತ್ತು. 2015ರಲ್ಲಿ ಕೊರಿಯಾ ಕೊಲೆಗೆ ಕಾಲಮಿತಿಯನ್ನೇ ರದ್ದು ಮಾಡಿತಾದರೂ ಅದಾಗಲೇ ಮುಗಿದುಹೋದ ಮೊಕದ್ದಮೆಗಳಿಗೆ ಅದು ಅನ್ವಯಿಸುವುದಿಲ್ಲ. ಹಾಗಾಗಿ ಹ್ವಾಸೊಂಗ್‌ನ ಕೊಲೆಗಳಿಗಾಗಿ ಅವನ ಮೇಲೆ ಮೊಕದ್ದಮೆ ಹೂಡಲು ಆಗಲಿಲ್ಲ.

ಸುದ್ದಿ ಬಂದ ದಿನ ಎಲ್ಲರೂ ಆ ಕೊನೆಯ ನೋಟದ ಬಗ್ಗೆ ಮಾತಾಡಿದರು. ಅದೇ ವರ್ಷ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಪಡೆದು ಬಾಂಗ್ ಜಗತ್ತಿಗೆಲ್ಲ ಪರಿಚಿತರಾಗಿದ್ದರು. ಕೊಲೆಗಾರನಿಗೆ ಕೊನೆಗೂ ಆ ನೋಟ ತಲುಪಿತೇ ಎಂದು ಎಲ್ಲರಿಗೂ ಕುತೂಹಲ. 2020ರ ನವೆಂಬರ್‌ನಲ್ಲಿ ಸುವೊನ್ ನ್ಯಾಯಾಲಯದಲ್ಲಿ ಸಾಕ್ಷಿಯಾಗಿ ನಿಂತ ಲೀ ಅದಕ್ಕೂ ಉತ್ತರ ಕೊಟ್ಟ. ಆ ಚಿತ್ರವನ್ನು ಜೈಲಿನಲ್ಲೇ ನೋಡಿದ್ದನಂತೆ. ಸುಮ್ಮನೆ ಒಂದು ಸಿನಿಮಾ ಎಂದು ನೋಡಿದ, ವಿಶೇಷವಾಗಿ ಏನೂ ಅನ್ನಿಸಲಿಲ್ಲ ಎಂದ. ತಾನು ಇಷ್ಟು ಕಾಲ ಸಿಕ್ಕಿಬೀಳದೇ ಇದ್ದದ್ದು ತನಗೇ ಆಶ್ಚರ್ಯ ಎಂದೂ ಹೇಳಿದ. ಅವನು ಆರೋಪಿಯಲ್ಲ, ಸಾಕ್ಷಿ ಎಂಬ ಕಾರಣಕ್ಕೆ ನ್ಯಾಯಾಲಯದೊಳಗೆ ಅವನ ಚಿತ್ರ ತೆಗೆಯಲು ಪತ್ರಿಕೆಯವರಿಗೆ ಅನುಮತಿ ಸಿಗಲಿಲ್ಲ.

ಇದನ್ನು ಓದಿದಾಗ ನನಗೆ ಆದದ್ದು ನಿರಾಶೆಯಲ್ಲ. ಒಂದು ಭ್ರಮೆ ಕಳಚಿತು. ಪಾಪಿಯ ಎದೆಯಲ್ಲಿ ಎಲ್ಲೋ ಒಂದು ಮುಳ್ಳು ಇರುತ್ತದೆ, ಒಳ್ಳೆಯ ಕಲೆ ಅದನ್ನು ಮುಟ್ಟುತ್ತದೆ ಎಂದು ನಾವು ನಂಬಲು ಬಯಸುತ್ತೇವೆ. ಹಾಗಾಗಲಿಲ್ಲ. ಆದರೂ ಆ ನೋಟದ ತೂಕ ಒಂದಿಷ್ಟೂ ಕಡಿಮೆಯಾಗಿಲ್ಲ, ಏಕೆಂದರೆ ಅದು ಸುಳಿಯಬೇಕಾದ ಇನ್ನೊಂದು ದಿಕ್ಕು ಇದೆ. ಲೀ ಸಾಕ್ಷಿ ಹೇಳಲು ಬಂದದ್ದು ಯಾರ ಮೊಕದ್ದಮೆಯಲ್ಲಿ ಎಂಬುದನ್ನು ನೋಡಿದರೆ ಅದು ಅರ್ಥವಾಗುತ್ತದೆ.

1988ರ ಸೆಪ್ಟೆಂಬರ್‌ನಲ್ಲಿ, ಸಿಯೋಲ್ ಒಲಿಂಪಿಕ್ಸ್ ನಡೆದ ತಿಂಗಳಲ್ಲಿ, 13 ವರ್ಷದ ಹುಡುಗಿಯನ್ನು ಅವಳ ಮನೆಯಲ್ಲೇ ಕೊಲ್ಲಲಾಯಿತು. ಅದು ಎಂಟನೆಯ ಕೊಲೆ. ಮರುವರ್ಷ ಪೊಲೀಸರು 22 ವರ್ಷದ ಒಬ್ಬ ಯುವಕನನ್ನು ಹಿಡಿದರು. ಕೃಷಿ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದವನು. ಬಾಲ್ಯದಲ್ಲಿ ಪೋಲಿಯೊ ತಗುಲಿ ಒಂದು ಕಾಲು ಎಳೆಯುತ್ತಾ ನಡೆಯುತ್ತಿದ್ದವನು. ಅವನು ಗೋಡೆ ಹತ್ತಿ ಮನೆಯೊಳಗೆ ನುಗ್ಗಿದ ಎಂಬುದು ಆರೋಪ. ಮೂರು ದಿನ ನಿದ್ದೆ ಮಾಡಲು ಬಿಡದೆ, ಹೊಡೆದು ತಪ್ಪೊಪ್ಪಿಗೆ ಬರೆಸಿಕೊಂಡರು. ಸ್ಥಳದಲ್ಲಿ ಸಿಕ್ಕ ಕೂದಲಿನ ವಿಕಿರಣ ವಿಶ್ಲೇಷಣೆ ಅವನದಕ್ಕೆ ಹೊಂದುತ್ತದೆ ಎಂಬ ವೈಜ್ಞಾನಿಕ ವರದಿಯೂ ಜೊತೆಗಿತ್ತು. ಜೀವಾವಧಿ ಶಿಕ್ಷೆಯಾಯಿತು. ಎಂಟನೆಯ ಕೊಲೆ ಉಳಿದವನ್ನು ಅನುಕರಿಸಿದ ಬೇರೊಬ್ಬನ ಕೃತ್ಯ ಎಂದು ಕಡತ ಮುಚ್ಚಿದರು. ಹತ್ತರಲ್ಲಿ ಬಗೆಹರಿದದ್ದು ಇದೊಂದೇ ಎಂದು ಇಡೀ ದೇಶ ಮೂವತ್ತು ವರ್ಷ ನಂಬಿತ್ತು. ಬಗೆಹರಿಯದ ಒಂಬತ್ತೂ ಕಣ್ಣೆದುರಿಗಿದ್ದುದರಿಂದ ಬಗೆಹರಿದ ಈ ಒಂದರ ಕಡೆಗೆ ಯಾರೂ ತಿರುಗಿ ನೋಡಲಿಲ್ಲ.

ಸಿಯೋ ಟೇ-ಯೂನ್‌ನ ಮಂತ್ರವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಚಿತ್ರದಲ್ಲಿ ಪ್ರಯೋಗಾಲಯದ ಕಾಗದ ನಿಜ ಹೇಳಿತು, ಪತ್ತೇದಾರ ಅದನ್ನು ನಂಬಲಿಲ್ಲ. ನಿಜಜೀವನದಲ್ಲಿ ಪ್ರಯೋಗಾಲಯದ ಕಾಗದವೇ ತಪ್ಪಾಗಿತ್ತು, ಎಲ್ಲರೂ ನಂಬಿದರು. ಬಾಂಗ್ ಬರೆದದ್ದಕ್ಕಿಂತ ಭಯಂಕರವಾದ ತಿರುವು ಸುವೊನ್‌ನ ಕಡತವೊಂದರಲ್ಲಿ ಅಷ್ಟು ವರ್ಷ ಯಾರೂ ಓದದೆ ಬಿದ್ದಿತ್ತು. ಚಿತ್ರಮಂದಿರಗಳು ತುಂಬಿ ತುಳುಕುತ್ತಿದ್ದ 2003ರ ಆ ಬೇಸಿಗೆಯಲ್ಲಿ ಕೊಲೆಗಾರನೂ ಜೈಲಿನಲ್ಲಿದ್ದ, ಅವನು ಮಾಡಿದ ಕೊಲೆಗೆ ಶಿಕ್ಷೆ ಅನುಭವಿಸುತ್ತಿದ್ದ ನಿರಪರಾಧಿಯೂ ಇನ್ನೊಂದು ಜೈಲಿನಲ್ಲಿದ್ದ. ಜನ ಕತ್ತಲಲ್ಲಿ ಕೂತು ಬೇಕ್ ಕ್ವಾಂಗ್-ಹೋನ ಸುಟ್ಟ ಮುಖ ನೋಡಿ ಮರುಗುತ್ತಿದ್ದರು. ಅವನಂಥವನೇ ಒಬ್ಬ ತಮ್ಮ ನಡುವೆಯೇ ಹದಿನಾಲ್ಕನೆಯ ವರ್ಷದ ಸೆರೆವಾಸದಲ್ಲಿದ್ದಾನೆ ಎಂದು ಅವರಿಗೆ ಹೊಳೆಯುವುದಾದರೂ ಹೇಗೆ?

ಆ ನಿರಪರಾಧಿ 2009ರಲ್ಲಿ ಪೆರೋಲ್ ಮೇಲೆ ಹೊರಬಂದರು. ಹತ್ತು ವರ್ಷ ಕೊಲೆಗಾರನೆಂಬ ಹಣೆಪಟ್ಟಿ ಹೊತ್ತೇ ಬದುಕಿದರು. ಎಂಟನೆಯದೂ ನನ್ನದೇ ಎಂದು ಲೀ ಬಾಯಿಬಿಟ್ಟ ಮೇಲೆ ಮರುವಿಚಾರಣೆ ಕೇಳಿದರು. 2020ರ ಡಿಸೆಂಬರ್ 17ರಂದು ಸುವೊನ್ ಜಿಲ್ಲಾ ನ್ಯಾಯಾಲಯ ಅವರನ್ನು ನಿರ್ದೋಷಿ ಎಂದಿತು. ನ್ಯಾಯಾಧೀಶರು ನ್ಯಾಯಾಂಗದ ಪರವಾಗಿ ಕ್ಷಮೆ ಕೇಳಿದರು. ಪೊಲೀಸ್ ಇಲಾಖೆಯೂ ಕ್ಷಮೆ ಕೇಳಿತು. ಪೊಲೀಸರ ಮರುತನಿಖೆಯಲ್ಲಿ ಇನ್ನೊಂದು ವಿಷಯವೂ ಹೊರಬಿತ್ತು: 1989ರಲ್ಲಿ ಕಾಣೆಯಾಗಿದ್ದ ಒಬ್ಬ ಚಿಕ್ಕ ಹುಡುಗಿಯ ಅವಶೇಷಗಳು ಆಗಲೇ ಸಿಕ್ಕಿದ್ದರೂ ಪತ್ತೇದಾರರು ಅದನ್ನು ಮುಚ್ಚಿಟ್ಟಿದ್ದರು. ಮಗಳು ಎಲ್ಲೋ ಬದುಕಿದ್ದಾಳೆ ಎಂದು ಹೆತ್ತವರು ಕಾಯುತ್ತಲೇ ಇದ್ದರು. ಹೊಡೆದವರ ಮೇಲೂ ಮುಚ್ಚಿಟ್ಟವರ ಮೇಲೂ ಕ್ರಮ ಜರುಗಿಸಲು ಕಾಲಮಿತಿ ಅಡ್ಡ ಬಂತು. ಕೊಲೆಗಾರನನ್ನು ಉಳಿಸಿದ ಅದೇ ನಿಯಮ ಅವರನ್ನೂ ಉಳಿಸಿತು. ಇದನ್ನು ಬರೆಯುವಾಗ ನನಗೆ ಇಂದಿಗೂ ಮೈ ಉರಿಯುತ್ತದೆ.

ಈ ಎಲ್ಲ ತಿಳಿದ ಮೇಲೆ ಚಿತ್ರವನ್ನು ಮತ್ತೆ ನೋಡಿದರೆ ಸುರಂಗದ ದೃಶ್ಯ ತಡೆದುಕೊಳ್ಳಲಾಗುವುದಿಲ್ಲ. ಹಿಂದೆ ಹ್ಯೊನ್-ಗ್ಯು ತಪ್ಪಿಸಿಕೊಂಡ ಕೊಲೆಗಾರನಂತೆ ಕಾಣುತ್ತಿದ್ದ. ಈಗ ಕೈಕೋಳದಲ್ಲಿ ಎಡವುತ್ತಾ ಸುರಂಗದ ಕತ್ತಲೆಗೆ ಹೋಗುವವನು, ಮಳೆಯಲ್ಲಿ ಹೊಡೆಸಿಕೊಂಡು ರಕ್ತ ಉಗುಳಿದ ಒಬ್ಬ ಕಾರ್ಖಾನೆ ಕೆಲಸಗಾರ, ಅಷ್ಟೆ. ನಟ ಪಾರ್ಕ್ ಹೇ-ಇಲ್ ಅವರ ಅಭಿನಯ ಅದೇ, ಒಂದು ಚೌಕಟ್ಟೂ ಬದಲಾಗಿಲ್ಲ. ಅವನ ಮುಖದ ತಣ್ಣನೆಯ ಭಾವ ಅಪರಾಧಿಯದ್ದೆಂದು ಓದಿದವರು ನಾವು. ಹೆದರಿದವನು, ಇವರಿಗೆ ಏನು ಹೇಳಿದರೂ ಪ್ರಯೋಜನವಿಲ್ಲ ಎಂದು ಗಟ್ಟಿಯಾಗಿ ತಿಳಿದವನು ಕೂಡ ಹಾಗೆಯೇ ಕೂತಿರುತ್ತಾನೆ. ಠಾಣೆಯ ಮೇಜಿನ ಮುಂದೆ ಅಕ್ಕಪಕ್ಕ ಕೂತ ಆ ಇಬ್ಬರು ಯುವಕರ ಒಗಟಿಗೆ ಚಿತ್ರ ಉತ್ತರ ಕೊಡದೆ ಬಿಟ್ಟದ್ದು ಇದಕ್ಕೇ.

ಒಂದು ಆಕ್ಷೇಪವನ್ನೂ ದಾಖಲಿಸಬೇಕು. ಸತ್ತ ಹೆಣ್ಣುಮಕ್ಕಳ ಬದುಕು ಈ ಚಿತ್ರದಲ್ಲಿ ತೀರಾ ಕಡಿಮೆ ಕಾಣುತ್ತದೆ. ಹೆಚ್ಚಿನವರು ನಮಗೆ ಪರಿಚಯವಾಗುವುದೇ ಹೆಣವಾಗಿ. ಗಂಡಸರ ಸೋಲಿನ ಕಥೆ ಹೇಳಲು ಹೆಂಗಸರ ದೇಹ ಬಳಕೆಯಾಗುತ್ತದೆ ಎಂಬ ಟೀಕೆಯನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ಆದರೆ ಬಾಂಗ್‌ಗೆ ಇದು ಗೊತ್ತಿಲ್ಲದೆ ಆದದ್ದಲ್ಲ ಎನ್ನುವುದಕ್ಕೆ ಕ್ವೋನ್ ಗ್ವಿ-ಓಕ್ ಎಂಬ ಮಹಿಳಾ ಪೊಲೀಸ್ ಪಾತ್ರ ಸಾಕ್ಷಿ. ಕೊಲೆಯಾದ ರಾತ್ರಿಗಳಲ್ಲೆಲ್ಲ ರೇಡಿಯೋದಲ್ಲಿ ಅದೇ ಹಾಡು ಬಂದಿತ್ತು ಎಂದು ಗಮನಿಸಿದವಳು ಅವಳು. ಗಂಡಸರನ್ನು ಕಂಡರೆ ಅಳುವ, ಬದುಕುಳಿದ ಹೆಂಗಸಿನ ಬಾಯಿಂದ ಮೃದುವಾದ ಕೈಗಳ ವಿಷಯ ಹೊರಬಂದದ್ದೂ ಅವಳ ಮುಂದೆಯೇ. ಇಡೀ ತನಿಖೆಯಲ್ಲಿ ಹೊಡೆಯದೆ ಬಡಿಯದೆ ದೊರೆತ ಸುಳಿವುಗಳು ಇವೇ. ಠಾಣೆಯಲ್ಲಿ ಅವಳ ಪಾಲಿಗೆ ಬಂದ ಕೆಲಸ ಮಾತ್ರ ಕಾಫಿ ತಂದುಕೊಡುವುದು.

ಇನ್ನೊಂದು ದೃಶ್ಯ ಇಡೀ ಚಿತ್ರದಲ್ಲೇ ಅತ್ಯಂತ ಕ್ರೂರವಾದದ್ದು, ಅದರಲ್ಲಿ ಒಂದು ಹನಿ ರಕ್ತವೂ ಇಲ್ಲ. ಕತ್ತಲಾದ ಮೇಲೆ ಕಾಡಿನ ಹಾದಿಯಲ್ಲಿ ಇಬ್ಬರು ಎದುರುಬದುರಾಗಿ ಬರುತ್ತಿದ್ದಾರೆ. ಒಬ್ಬಳು ಪತ್ತೇದಾರ ಪಾರ್ಕ್‌ನ ಗೆಳತಿ, ಇನ್ನೊಬ್ಬಳು ಆ ಶಾಲಾ ಹುಡುಗಿ. ಮರದ ಮರೆಯಿಂದ ಯಾರೋ ನೋಡುತ್ತಿದ್ದಾನೆ, ಕ್ಯಾಮೆರಾ ಅವನ ಕಣ್ಣಾಗಿದೆ. ಮೊದಲು ಇವಳ ಕಡೆಗೆ, ಆಮೇಲೆ ಅವಳ ಕಡೆಗೆ. ಒಂದು ಕ್ಷಣ ತಡೆಯುತ್ತಾನೆ. ಹುಡುಗಿಯನ್ನು ಆರಿಸಿಕೊಳ್ಳುತ್ತಾನೆ. ಗೆಳತಿ ಏನೂ ತಿಳಿಯದೆ ಮನೆಗೆ ಹೋಗುತ್ತಾಳೆ, ಮುಂದೆ ಪಾರ್ಕ್‌ನನ್ನು ಮದುವೆಯಾಗುತ್ತಾಳೆ, ಮಕ್ಕಳಾಗುತ್ತವೆ. ಆ ಸಂಜೆ ತನಗೂ ಸಾವಿಗೂ ನಡುವೆ ಎಷ್ಟು ಅಂತರವಿತ್ತೆಂದು ಅವಳಿಗೆ ಎಂದಿಗೂ ಗೊತ್ತಾಗುವುದಿಲ್ಲ, ಅವಳ ಗಂಡನಿಗೂ ಗೊತ್ತಾಗುವುದಿಲ್ಲ. ಗೊತ್ತಿರುವುದು ನಮಗೆ ಮಾತ್ರ. ಅಪರಾಧದ ಚಿತ್ರಗಳು ಸಾಮಾನ್ಯವಾಗಿ ಕೊಲೆಗಾರನ ಮನಸ್ಸಿನಲ್ಲಿ ಏನೋ ಆಳವಾದ ಕಾರಣವಿದೆ ಎಂದು ಹುಡುಕಿ ಹೊರಡುತ್ತವೆ. ಇಲ್ಲಿ ಆ ಕಾರಣದ ಜಾಗದಲ್ಲಿ ಇರುವುದು, ಈ ಕಡೆಯೋ ಆ ಕಡೆಯೋ ಎಂಬ ಒಂದು ಗಳಿಗೆಯ ಹಿಂಜರಿಕೆ ಮಾತ್ರ. ನ್ಯಾಯಾಲಯದಲ್ಲಿ ಲೀ ಆಡಿದ ಮಾತುಗಳ ಪೊಳ್ಳುತನವನ್ನು ಬಾಂಗ್ ಅಷ್ಟು ಮೊದಲೇ ಹೇಗೆ ಊಹಿಸಿದರೋ.

ಎಂಟನೆಯ ಪ್ರಕರಣದ ಮೇಲೆ ಯಾರಾದರೂ ಒಂದು ಚಿತ್ರ ಮಾಡಬೇಕು ಎಂದು ನನಗೆ ತುಂಬಾ ಆಸೆಯಿದೆ. ಅದು ಗದ್ದೆಯಲ್ಲಿ, ಮಳೆಯಲ್ಲಿ ನಡೆಯುವುದು ಬೇಡ. ಒಂದು ಕೋಣೆ ಸಾಕು. ನಿದ್ದೆಯಿಲ್ಲದ ಮೂರು ರಾತ್ರಿ, ಸರದಿಯಂತೆ ಬಂದು ಹೋಗುವ ಪತ್ತೇದಾರರು, ಇವನು ಏನು ಬರೆಯಬೇಕೆಂದು ಹೇಳಿಕೊಡುವವನೊಬ್ಬ, ಮೂರನೆಯ ದಿನ ಸಹಿ ಹಾಕುವ ಕೈ. ಆಮೇಲೆ ಕೂದಲನ್ನು ಪರೀಕ್ಷಿಸಿ ವರದಿ ಬರೆಯುವ ಪ್ರಯೋಗಾಲಯದವರು, ಅದನ್ನು ಓದಿ ತಲೆಯಾಡಿಸುವ ನ್ಯಾಯಾಧೀಶರು, ಅಪರಾಧಿ ಸಿಕ್ಕಿದ ಎಂದು ಅಚ್ಚು ಮಾಡುವ ಪತ್ರಿಕೆಗಳು. ಇವರಲ್ಲಿ ಒಬ್ಬೊಬ್ಬರೂ ಒಂದೊಂದು ಘಟ್ಟದಲ್ಲಿ ತಡೆದು, ಈ ಕಾಲು ಆ ಗೋಡೆಯನ್ನು ಹತ್ತಲು ಸಾಧ್ಯವೇ ಎಂದು ಕೇಳಬಹುದಿತ್ತು. ಅದನ್ನು ಹಾಗೆಯೇ, ಒಂದನ್ನೂ ಬಿಡದೆ ತೋರಿಸಲಿ. ಕೊಲೆಗಾರ ಅದರ ಒಂದು ದೃಶ್ಯದಲ್ಲೂ ಬರಬೇಕಾಗಿಲ್ಲ.